ಮೆಹಂದಿ ಕೋನಿನಿಂದ ಬಂದ ‘ಕ’

ಡಿಗ್ರಿ ಮುಗಿಸಿ ಡಿಸೈನರ್ ಕೆಲಸದ ಸಂದರ್ಶನಕ್ಕೆ ಹೋಗಿದ್ದೆ. ನನ್ನ ಪೋಸ್ಟರ್‌ಗಳನ್ನು ತಿರುವಿ ಹಾಕಿದವರು, ‘ಅಕ್ಷರ ಎಲ್ಲರ ಹತ್ತಿರ ಇರುವುದೇ. ಇದರಲ್ಲಿ ನಿಮ್ಮದೇನಿದೆ?’ ಎಂದರು. ಬಸ್ಸಿನಲ್ಲಿ ಊರಿಗೆ ಬರುವಷ್ಟೂ ಹೊತ್ತು ಅದೇ ಮಾತು ಕಿವಿಯಲ್ಲಿ.

ಮರುದಿನ ಅಡುಗೆಮನೆಗೇ ನುಗ್ಗಿದೆ. ಆಲೂಗಡ್ಡೆ ಕೊರೆದು, ಇಂಕಿನಲ್ಲಿ ಅದ್ದಿ ಒತ್ತಿದರೆ ‘ಕ’ ಕನ್ನಡಿಯಲ್ಲಿ ಕಂಡಂತೆ ತಿರುಗಿಬಿತ್ತು. ಅಚ್ಚನ್ನು ಉಲ್ಟಾ ಕೊರೆಯಬೇಕೆಂಬುದೇ ಹೊಳೆದಿರಲಿಲ್ಲ! ‘ಪಲ್ಯಕ್ಕೆ ಇಟ್ಟಿದ್ದು ಕಣೇ ಅದು’ ಎಂದು ಅಮ್ಮ ಗದರಿದಳು. ಪೊರಕೆ ಕಡ್ಡಿಯ ತುದಿ ಜಜ್ಜಿ ಬರೆದೆ. ತಲೆಕಟ್ಟು ಚೆಂದ ಬಂತು, ತಿರುವಿನಲ್ಲಿ ಗೆರೆ ಸೀಳಿತು. ನಮ್ಮ ಲಿಪಿಯಲ್ಲಿ ತಿರುವೇ ಹೆಚ್ಚಲ್ಲವೇ? ಹಾಸ್ಟೆಲಿನಲ್ಲಿ ಹಿಂದಿ ಗೆಳತಿಯರು ‘ಜಿಲೇಬಿ’ ಎಂದು ರೇಗಿಸುತ್ತಿದ್ದುದು ನೆನಪಾಯಿತು. ಸರಿ, ಜಿಲೇಬಿಯಂತೆಯೇ ಹಿಂಡೋಣ ಎಂದು ಅಕ್ಕನ ಮದುವೆಯಲ್ಲಿ ಉಳಿದಿದ್ದ ಮೆಹಂದಿ ಕೋನ್ ಖಾಲಿ ಮಾಡಿ ಮೈದಾ ಅಂಟು ತುಂಬಿದೆ. ಕಪ್ಪು ಹಾಳೆಯ ಮೇಲೆ ಕೈ ಎತ್ತದೆ ಹಿಂಡಿದರೆ ಎಳೆ ಒಂದೇ ದಪ್ಪ. ನಿಲ್ಲಿಸಿದಲ್ಲಿ ಪುಟ್ಟದೊಂದು ಗುಂಡು. ಆ ಗುಂಡೇ ನನ್ನ ಅಕ್ಷರದ ಗುರುತಾಯಿತು.

ಒಣಗಿದ ಮೇಲೆ ಫೋಟೊ ತೆಗೆದು, ಇಂಕ್‌ಸ್ಕೇಪ್‌ನಲ್ಲಿ ಗೆರೆಗಳಾಗಿ ಬದಲಿಸಿ, ಫಾಂಟ್‌ಫೋರ್ಜ್‌ಗೆ ಹಾಕುತ್ತಿದ್ದೇನೆ. ಎರಡೂ ಉಚಿತ ತಂತ್ರಾಂಶಗಳು. ವರ್ಣಮಾಲೆಯ 49 ಅಕ್ಷರ ವಾರದಲ್ಲಿ ಮುಗಿದವು. ಅಲ್ಲಿಗೆ ಕೆಲಸವೇ ಮುಗಿಯಿತೆಂದುಕೊಂಡಿದ್ದೆ! ಗುಣಿತಾಕ್ಷರ, 34 ವ್ಯಂಜನಕ್ಕೂ ಒಂದೊಂದು ಒತ್ತು... ತಿಂಗಳಾದರೂ ಮುಗಿದಿಲ್ಲ. ‘ರಾಷ್ಟ್ರ’ ಎಂದು ಬರೆದರೆ ಒತ್ತುಗಳು ಒಂದರ ಮೇಲೊಂದು ಬಿದ್ದು ಮುದ್ದೆಯಾಗುತ್ತವೆ.

ಸೋಮವಾರ ಮತ್ತೊಂದು ಸಂದರ್ಶನ. ಒತ್ತಕ್ಷರವೇ ಇಲ್ಲದ ಪದಗಳನ್ನು ಹುಡುಕಿ ಹುಡುಕಿ ಒಂದು ಪೋಸ್ಟರ್ ಮಾಡಿಟ್ಟುಕೊಂಡಿದ್ದೇನೆ.