ಮಳೆ ನೆರಳಿನ ಅಂಜೂರ

ಪುಣೆಯಿಂದ ಆಗ್ನೇಯಕ್ಕೆ ಹೋಗುವ ರಸ್ತೆ ದಿವೆ ಘಾಟಿನ ತಿರುವುಗಳನ್ನು ಹತ್ತಿ ಮುಗಿಸಿದಲ್ಲಿಗೆ ಪುರಂದರ ತಾಲ್ಲೂಕಿನ ಬಯಲು ತೆರೆದುಕೊಳ್ಳುತ್ತದೆ. ಪುಣೆಗೆ ಸುಮಾರು 30 ಕಿ.ಮೀ. ದೂರದ ಸಾಸವಡ ಇದರ ಕೇಂದ್ರ. ಕನ್ನಡಿಗರು ಮೈಲಾರನೆಂದು ನಡೆದುಕೊಳ್ಳುವ ಖಂಡೋಬನ ಜೇಜುರಿಯೂ ಇದೇ ತಾಲ್ಲೂಕಿನಲ್ಲಿದೆ.

ಇದು ಮಳೆ ನೆರಳಿನ ನಾಡು. ಮುಂಗಾರು ಮೋಡ ತನ್ನ ಹೊರೆಯನ್ನು ಸಹ್ಯಾದ್ರಿಯ ನೆತ್ತಿಯಲ್ಲೇ ಇಳಿಸಿಬಿಡುತ್ತದೆ. ಇಲ್ಲಿಗೆ ಬರುವುದು ಉಳಿಕೆ. ಕರ್‍ಹಾ ನದಿ ವರ್ಷದ ಬಹುಪಾಲು ಮರಳು ತೋರಿಸಿಕೊಂಡೇ ಮಲಗಿರುತ್ತದೆ. ಹರಿದಷ್ಟು ನೀರು ನೀರಾ ನದಿಗೆ, ಅಲ್ಲಿಂದ ಭೀಮೆಗೆ ಸೇರಿ ಕೊನೆಗೆ ಕರ್ನಾಟಕಕ್ಕೆ ಬರುತ್ತದೆ. ಗುಡ್ಡದ ಬುಡದಲ್ಲಿ ಮಣ್ಣು ತೆಳು, ಸ್ವಲ್ಪ ಅಗೆದರೆ ಗರಸು. ಹಿಂದಿನಿಂದ ಬಂದ ಬೆಳೆಗಳು ಸಜ್ಜೆ ಮತ್ತು ಹಿಂಗಾರಿ ಜೋಳ. ಮಳೆಗಾಲದ ಹಸಿ ಬಟಾಣಿ ಕೈಗೆ ಬೇಗ ರೊಕ್ಕ ತರುತ್ತದೆ.

ಆದರೆ ಸಿಂಗಾಪುರ, ಗುರ್‍ಹೋಳಿ ಮುಂತಾದ ಊರುಗಳ ಹೆಸರನ್ನು ಪುಣೆಯ ಪೇಟೆಯಲ್ಲಿ ಉಳಿಸಿರುವುದು ಅಂಜೂರ ಮತ್ತು ಸೀತಾಫಲ. (ಈ ಸಿಂಗಾಪುರಕ್ಕೆ ವಿಮಾನ ಬೇಡ, ಎಸ್‌ಟಿ ಬಸ್ಸು ಸಾಕು.) ಒಣ ಹವೆ, ನೀರು ನಿಲ್ಲದ ನೆಲ ಅಂಜೂರಕ್ಕೆ ಒಗ್ಗುತ್ತವೆ. ಇಲ್ಲಿ ಬೆಳೆಯುವ ‘ಪೂನಾ ಅಂಜೂರ’ ತಳಿ ಪರಾಗಸ್ಪರ್ಶವಿಲ್ಲದೆ ಕಾಯಿ ಕಟ್ಟುತ್ತದೆ. ರೈತರು ಎರಡು ಬಹಾರು (ಫಸಲಿನ ಸರದಿ) ಹಿಡಿಯುತ್ತಾರೆ: ಮಳೆಗಾಲದಲ್ಲಿ ಶುರುವಾಗುವ ‘ಖಟ್ಟಾ’ ಕೊಂಚ ಹುಳಿ, ಮಳೆ ಹಿಂದೆಗೆದ ಮೇಲೆ ಚಿಗುರಿ ಬಿಸಿಲೇರುವ ಹೊತ್ತಿಗೆ ಹಣ್ಣಾಗುವ ‘ಮೀಠಾ’ ಹೆಸರಿಗೆ ತಕ್ಕಂತೆ ಸಿಹಿ. ಮಳೆ ಹೆಚ್ಚಾದರೆ ಎಲೆಗೆ ತುಕ್ಕು ರೋಗ ಬಡಿದು ಮರ ಬೋಳಾಗುತ್ತದೆ. ನೀರಿಗೆ ಹಾತೊರೆಯುವ ಊರಿನಲ್ಲಿ ರೈತ ಮಳೆಗೂ ಹೆದರಬೇಕು.

ಅಂಜೂರ ಕಾಯುವ ಹಣ್ಣಲ್ಲ. ಬೆಳಗಿನ ತಂಪಿನಲ್ಲೇ ಕೊಯ್ಲು ನಡೆಯುತ್ತದೆ. ತೊಟ್ಟು ಮುರಿದೊಡನೆ ಒಸರುವ ಹಾಲು ಬೆರಳ ಚರ್ಮವನ್ನು ಸುಡುತ್ತದೆ. ಸಿಪ್ಪೆ ಎಷ್ಟು ತೆಳುವೆಂದರೆ ಒತ್ತಿದ ಬೆರಳಿನ ಗುರುತು ಹಾಗೇ ಉಳಿಯುತ್ತದೆ. ಒಂದೆರಡು ದಿನದೊಳಗೆ ಮಾರಾಟವಾಗದಿದ್ದರೆ ಹುಳಿಯುತ್ತದೆ. ಆದ್ದರಿಂದ ಸಾಸವಡದ ಪೇಟೆ, ಪುಣೆಯ ಗುಲ್‌ಟೇಕಡಿ ಮಾರ್ಕೆಟ್ ಯಾರ್ಡ್ ಹತ್ತಿರವಿರುವುದೇ ಈ ಕೃಷಿಯ ಬಂಡವಾಳ. ಸೀತಾಫಲಕ್ಕೆ ತಿರುಳಿನ ರೂಪದಲ್ಲಿ ಇನ್ನೊಂದು ದಾರಿಯಿದೆ. ಅದು ಬಾಸುಂದಿ, ಐಸ್‌ಕ್ರೀಮಿಗೆ ಹೋಗುತ್ತದೆ. ಜಾಧವವಾಡಿಯಲ್ಲಿ ರಾಹುರಿ ಕೃಷಿ ವಿದ್ಯಾಪೀಠದ ಸಂಶೋಧನಾ ಕೇಂದ್ರ ಈ ಎರಡು ಹಣ್ಣುಗಳಿಗೆಂದೇ ಇದೆ. ‘ಫುಲೆ ಪುರಂದರ’ ಸೀತಾಫಲ ಅಲ್ಲಿಯದು.

2016ರಲ್ಲಿ ಪುರಂದರ ಅಂಜೂರಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಕೆಡುವ ಹಣ್ಣನ್ನು ದೂರ ಕಳಿಸಲು ರೈತರ ಉತ್ಪಾದಕ ಕಂಪನಿ ಪುರಂದರ ಹೈಲ್ಯಾಂಡ್ಸ್ ಕಂಡುಕೊಂಡ ಉಪಾಯ ರಸ. 2024ರ ಆಗಸ್ಟ್ 1ರಂದು ಅಂಜೂರದ ರಸ ಪೋಲೆಂಡಿಗೆ ಹೊರಟಿತು. ಶ್ರೀರಂಗಪಟ್ಟಣದ ಗಂಜಾಂ ಅಂಜೂರಕ್ಕೂ ಒಂದು ಕಾಲಕ್ಕೆ ಹೆಸರಿತ್ತೆಂಬುದು ಇಲ್ಲಿ ನೆನಪಾಗದಿರದು.

ನೀರಿನ ಲೆಕ್ಕ ಬೇರೆಯೇ. ಪುರಂದರ ಏತ ನೀರಾವರಿ ಯೋಜನೆ ಪುಣೆಯ ಕೆಳಗೆ ಮುಳಾ-ಮುಠಾ ನದಿಯಿಂದ ನೀರೆತ್ತುತ್ತದೆ. ನಗರ ಬಳಸಿ ಬಿಟ್ಟ ನೀರೂ ಅದರಲ್ಲಿ ಸೇರಿರುತ್ತದೆ. ಎತ್ತುವುದಕ್ಕೆ ವಿದ್ಯುತ್ತು, ವಿದ್ಯುತ್ತಿಗೆ ಬಿಲ್ಲು, ಅದರ ಪಾಲು ರೈತನ ತಲೆಗೆ. ಬಂದ ನೀರನ್ನು ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದಲ್ಲಿ ಕೂಡಿಟ್ಟು ಹನಿ ನೀರಾವರಿಯಲ್ಲಿ ಮರಗಳಿಗೆ ಕೊಡುತ್ತಾರೆ.

ಪುಣೆಯ ಸಾಮೀಪ್ಯಕ್ಕೆ ಇನ್ನೊಂದು ಮುಖವೂ ಉಂಟು. 2016ರಲ್ಲಿ ಇಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಪ್ರಸ್ತಾವ ಬಂತು. ಪಾರಗಾಂವ್, ವನಪುರಿ, ಕುಂಭಾರವಳಣ, ಉದಾಚಿವಾಡಿ, ಏಖತಪುರ, ಮುಂಜವಡಿ, ಖಾನವಡಿ ಎಂಬ ಏಳು ಹಳ್ಳಿಗಳ ಜಮೀನು ಅದಕ್ಕೆ ಗುರುತಾಗಿದೆ. ಖಾನವಡಿ ಜ್ಯೋತಿಬಾ ಫುಲೆಯವರ ಪೂರ್ವಜರು ನೆಲೆಸಿದ್ದ ಊರು. 2025ರ ಮೇ ತಿಂಗಳಲ್ಲಿ ಡ್ರೋನ್ ಮೋಜಣಿಗೆ ಬಂದವರನ್ನು ಗ್ರಾಮಸ್ಥರು ತಡೆದಾಗ ಘರ್ಷಣೆಯೂ ಆಯಿತು. ಭೂಸ್ವಾಧೀನದ ಮೋಜಣಿಯಲ್ಲಿ ಹೊಲದ ಅಳತೆಯ ಜೊತೆ ಬಾವಿ, ಹೊಂಡ, ಪೈಪು, ಫಲ ಕೊಡುವ ಮರಗಳನ್ನೂ ಒಂದೊಂದಾಗಿ ಎಣಿಸಿ ಬೆಲೆ ಕಟ್ಟುತ್ತಾರೆ.