ತೊಟ್ಟು ನೋಡಿ ಹೆಸರು ಹೇಳಿ

ಹುಬ್ಬೆ ಮಳೆಯ ಹೊತ್ತಿಗೆ ಸಿದ್ದಾಪುರ ಕಡೆಯ ಬ್ಯಾಣಗಳಲ್ಲಿ ಕಾಲಿಡುವುದೇ ಕಷ್ಟ. ಉಂಬಳದ ಕಾಟ ಒಂದು ಕಡೆ, ಹೂ ತುಳಿದುಬಿಟ್ಟೇವೆಂಬ ಅಂಜಿಕೆ ಇನ್ನೊಂದು ಕಡೆ. ಜಂಬಿಟ್ಟಿಗೆ ಕಲ್ಲಿನ ಮೇಲೆ ಬೆರಳು ದಪ್ಪದ ಮಣ್ಣು, ಅದರ ಮೇಲೆ ತೆಳ್ಳಗೆ ಹರಿಯುವ ನೀರು, ನೀರಿನಿಂದೆದ್ದ ನೂಲಿನಂಥ ದಂಟು, ದಂಟಿನ ತುದಿಗೆ ಕಿರುಬೆರಳ ಉಗುರಿನಷ್ಟು ನೀಲಿ ಹೂ. ಏನಿದು ಎಂದು ಕೇಳಿದರೆ ಸಿಗುವ ಉತ್ತರ: ‘ಎಂಥದೋ ಮಳೆಗಾಲದ ಹೂ.’ ಸೀತಾಳೆ ದಂಡೆಗೆ ಹೆಸರಿಟ್ಟ ಸೀಮೆ ಇದು, ತಂಬುಳಿಗೆ ಬರುವ ಒಂದೊಂದು ಕುಡಿಯನ್ನೂ ಹೆಸರು ಹಿಡಿದು ಕರೆಯುವ ಸೀಮೆ. ಮುಡಿಯಲಿಕ್ಕೂ ಆಗದ, ತಿನ್ನಲಿಕ್ಕೂ ಬಾರದ ಗಿಡದ ಹೆಸರಿನ ಗೊಡವೆ ಯಾರಿಗೆ ಬೇಕು?

ಸಸ್ಯಶಾಸ್ತ್ರದಲ್ಲಿ ಇದು ಯುಟ್ರಿಕ್ಯುಲೇರಿಯಾ. ಲ್ಯಾಟಿನ್ನಿನಲ್ಲಿ ಯುಟ್ರಿಕ್ಯುಲಸ್ ಅಂದರೆ ಚಿಕ್ಕ ತೊಗಲಚೀಲ. ನಾನು ಚೀಲಗಿಡ ಎನ್ನುತ್ತೇನೆ, ನಿಮಗೆ ಒಪ್ಪಿಗೆಯಾದರೆ ಇಟ್ಟುಕೊಳ್ಳಿ. ಚೀಲ ಇರುವುದು ಹೂವಿನಲ್ಲಲ್ಲ, ಕೆಸರಿನೊಳಗೆ. ಸಾಸಿವೆಗಿಂತ ಸಣ್ಣ ಆ ಚೀಲದಿಂದ ಗಿಡ ನೀರನ್ನು ಹೊರಹಾಕುತ್ತಲೇ ಇರುತ್ತದೆ. ಒಳಗೆ ಒತ್ತಡ ಇಳಿದು ಗೋಡೆಗಳು ಕೆನ್ನೆ ಬತ್ತಿದಂತೆ ಒಳಕ್ಕೆ ಜಗ್ಗುತ್ತವೆ. ಬಾಗಿಲ ಬಳಿಯ ರೋಮಕ್ಕೆ ಸೂಕ್ಷ್ಮಜೀವಿಯೊಂದು ತಾಗಿದರೆ ಸಾಕು, ಬಾಗಿಲು ತೆರೆದು ನೀರಿನ ಸಮೇತ ಬೇಟೆ ಒಳಗೆ. ಇಷ್ಟಕ್ಕೂ ಹಿಡಿಯುವ ಹೊತ್ತು ಸೆಕೆಂಡಿನ ಸಾವಿರದಲ್ಲಿ ಕೆಲವೇ ಭಾಗ. 1875ರಲ್ಲಿ ಕೀಟಾಹಾರಿ ಸಸ್ಯಗಳ ಬಗ್ಗೆ ಪುಸ್ತಕ ಬರೆದ ಚಾರ್ಲ್ಸ್ ಡಾರ್ವಿನ್ನನಿಗೂ ಇದು ತಪ್ಪಿಹೋಯಿತು. ಜೀವಿಗಳೇ ಬಾಗಿಲು ತಳ್ಳಿಕೊಂಡು ಒಳನುಗ್ಗುತ್ತವೆ ಎಂದು ಅವನು ಭಾವಿಸಿದ್ದ. ಮಳೆ ತೊಳೆದು ತೊಳೆದು ಸತ್ವ ಬಿಟ್ಟ ಜಂಬಿಟ್ಟಿಗೆಯಲ್ಲಿ ಸಾರಜನಕ, ರಂಜಕಗಳಿಗೆ ಬರ. ಆ ಬರಕ್ಕೆ ಗಿಡ ಕಂಡುಕೊಂಡ ದಾರಿ ಈ ಬೇಟೆ.

ತಲೆನೋವು ಶುರುವಾಗುವುದು ಇದು ಯಾವ ಚೀಲಗಿಡ ಎಂದು ಕೇಳಿದಾಗ. ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನದ ಪೀಟರ್ ಟೇಲರ್ ಬದುಕಿನ ಬಹುಪಾಲನ್ನು ಈ ಕುಲಕ್ಕೇ ಕೊಟ್ಟವರು. 1989ರ ಅವರ ಗ್ರಂಥದಲ್ಲಿ 214 ಪ್ರಭೇದಗಳಿವೆ. ಪಶ್ಚಿಮ ಘಟ್ಟದ್ದೊಂದನ್ನು ಅವರು ಪ್ರೀಟರಿಟಾ ಎಂದು ಕರೆದರು. ಅರ್ಥ, ಗಮನಕ್ಕೆ ಬಾರದೆ ಉಳಿದದ್ದು. ಹೆಸರಿನಲ್ಲೇ ತಪ್ಪೊಪ್ಪಿಗೆ! ಕರ್ನಾಟಕದ ಇನ್ನೊಂದಕ್ಕೆ ನಮ್ಮ ರಾಜ್ಯದ ಸಸ್ಯಸಂಪತ್ತನ್ನು ದಾಖಲಿಸಿದ ಫಾದರ್ ಸೆಸಿಲ್ ಸಲ್ಡಾನ್ಹಾ ಅವರ ನೆನಪಿಗೆ ಸೆಸಿಲಿಯೈ ಎಂದು ಹೆಸರಿಟ್ಟರು.

ಹೊಸಬರು ಎಡವುವುದು ಬಣ್ಣದಲ್ಲಿ. ಒಂದೇ ಪ್ರಭೇದದ ಹೂ ಕಡುನೀಲಿಯೂ ಇದ್ದೀತು, ತಿಳಿನೇರಳೆಯೂ ಇದ್ದೀತು. ಯಕ್ಷಗಾನದ ಪೂರ್ವರಂಗದಲ್ಲಿ ಕುಣಿಯುವ ಇಬ್ಬರು ಬಾಲಗೋಪಾಲರ ಹಾಗೆ, ವೇಷ ನೋಡಿ ಯಾರು ಯಾರೆಂದು ಹೇಳಲಾಗದು. ಮೊದಲು ದಂಟು ನೋಡಿ. ಗದ್ದೆಯಲ್ಲಿ ಭತ್ತದ ಸಸಿಗೆ ಬಳ್ಳಿಯಂತೆ ಸುತ್ತಿಕೊಂಡು ಏರಿದ್ದರೆ, ಹೂವಿನ ನಡುವಿನ ಉಬ್ಬಿನಲ್ಲಿ ಬಲೆಯಂಥ ಗೆರೆಗಳಿದ್ದರೆ, ಅದು ರೆಟಿಕ್ಯುಲೇಟಾ ಆಗಿರುವ ಸಂಭವ ಹೆಚ್ಚು; ಹೆಸರಿನ ಅರ್ಥವೇ ಬಲೆ ಬಲೆಯಾದದ್ದು. ಯಾವುದನ್ನೂ ಹಿಡಿಯದೆ ನೆಟ್ಟಗೆ ನಿಂತಿದ್ದರೆ ಗ್ರಾಮಿನಿಫೋಲಿಯಾ ಅಥವಾ ಯುಲಿಜಿನೋಸಾ ಇದ್ದೀತು. ಇವೆರಡರ ನಡುವೆ ಹೂವಿನ ಕಾಲದಲ್ಲಿ ತೀರ್ಮಾನ ಹೇಳುವವರ ಧೈರ್ಯಕ್ಕೆ ನನ್ನ ನಮಸ್ಕಾರ. ಹೂ ಉದುರಿ ಕಾಯಿ ಕಟ್ಟಲಿ. ತೊಟ್ಟು ನೆಟ್ಟಗೇ ಉಳಿದರೆ ಗ್ರಾಮಿನಿಫೋಲಿಯಾ, ಕೆಳಕ್ಕೆ ಬಾಗಿದರೆ ಯುಲಿಜಿನೋಸಾ.

ಇನ್ನು ತೊಟ್ಟಿನ ಬುಡದ ಹೊಟ್ಟು. ಭೂತಗನ್ನಡಿ ಬೇಕು, ಮೊಣಕಾಲು ಕೆಸರಾಗಲೇಬೇಕು. ಹೂತೊಟ್ಟಿನ ಬುಡದಲ್ಲಿ ಸಣ್ಣ ಎಸಳಿನಂಥ ಉಪಪತ್ರ ಇರುತ್ತದೆ. ಅದು ತನ್ನ ಬುಡದಿಂದಲೇ ದಂಟಿಗೆ ಅಂಟಿದೆಯೋ, ನಡುಭಾಗದಲ್ಲಿ ಅಂಟಿ ಮೇಲೂ ಕೆಳಗೂ ಚಾಚಿದೆಯೋ? ಮೇಲೆ ಹೇಳಿದ ಮೂರರಲ್ಲೂ ಬುಡದಿಂದ. ಪಾಚಿ ಹಿಡಿದ ಒದ್ದೆ ಬಂಡೆಯಲ್ಲೋ ಮರದ ಕಾಂಡದಲ್ಲೋ ಬೆಳೆಯುವ ಸ್ಟ್ರಿಯಾಟುಲಾದಲ್ಲಿ ನಡುವಿನಿಂದ. ಅದರ ಹೂವಿನ ಕೆಳತುಟಿ ಬೀಸಣಿಗೆಯ ಹಾಗೆ ಐದು ಸೀಳಾಗಿ ಹರಡಿರುತ್ತದೆ, ಮೇಲ್ತುಟಿ ಇದೆಯೋ ಇಲ್ಲವೋ ಎನ್ನುವಷ್ಟು ಕಿರಿದು. ಉಂಚಳ್ಳಿಯಂಥ ಜಲಪಾತಗಳ ದಾರಿಯ ತೊಯ್ದ ಬಂಡೆಗಳೇ ಇದನ್ನು ಹುಡುಕಬೇಕಾದ ಜಾಗ. ಹಳದಿ ಹೂಗಳದ್ದು ಸುಲಭದ ಲೆಕ್ಕ: ಸುತ್ತುವುದು ಸ್ಕ್ಯಾಂಡೆನ್ಸ್, ನೆಟ್ಟಗಿರುವುದು ಬಿಫಿಡಾ.

ಇಷ್ಟು ಗೊತ್ತಾದ ಮೇಲೆ ಮೊಬೈಲಿನ ಆ್ಯಪ್‌ಗಳು ಯಾಕೆ ಎಡವುತ್ತವೆ ಎಂಬುದು ತಾನಾಗಿ ತಿಳಿಯುತ್ತದೆ. ನಾವು ಅವಕ್ಕೆ ತೋರಿಸುವುದು ಹೂವಿನ ಮುಖ ಮಾತ್ರ. ಗುರುತು ಇರುವುದು ಬೆನ್ನಿನಲ್ಲಿ, ತೊಟ್ಟಿನಲ್ಲಿ, ಒಂದು ತಿಂಗಳ ನಂತರದ ಕಾಯಲ್ಲಿ.

ನಮ್ಮ ತಾಲ್ಲೂಕಿನ ಕತ್ತಲೆಕಾನಿನ ಜೌಗಿನಲ್ಲಿ ನಿಂತಿದ್ದ ಗೇರಿನ ಬಳಗದ ದೊಡ್ಡ ಮರವೊಂದು ಹೊಸ ಪ್ರಭೇದವೆಂದು ಪ್ರಕಟವಾದದ್ದು 2000ದಲ್ಲಿ, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಹೆಸರಿನಲ್ಲಿ. ಮರದ ಕಥೆಯೇ ಹೀಗಾದರೆ ಉಗುರಿನಷ್ಟು ಹೂವಿನ ಕಥೆ ಕೇಳಬೇಕೆ? ಕಲ್ಲುಕ್ವಾರಿಗೆ ಹೋದ ಬ್ಯಾಣದಲ್ಲಿ, ಮಣ್ಣು ಹಾಕಿ ಗೊಬ್ಬರ ಕೊಟ್ಟು ತೋಟ ಎಬ್ಬಿಸಿದ ಜಾಗದಲ್ಲಿ ಅದಕ್ಕೆ ನೆಲೆಯಿಲ್ಲ. ಬಡ ಮಣ್ಣೇ ಅದರ ಸಿರಿ.

ಈ ಸಲ ಮಳೆಗಾಲದಲ್ಲಿ ಗಿಡ ಕೀಳದೆ ನಾಲ್ಕು ಫೋಟೊ ತೆಗೆಯಿರಿ: ಮುಂದಿನಿಂದ, ಪಕ್ಕದಿಂದ, ದಂಟಿನ ಬುಡದಿಂದ ತುದಿಯವರೆಗೆ, ಪಕ್ಕದಲ್ಲೊಂದು ರೂಪಾಯಿ ನಾಣ್ಯ ಇಟ್ಟು. ಜಾಗ ಗುರುತು ಮಾಡಿಕೊಳ್ಳಿ. ಹಸ್ತದ ಮಳೆ ಬಂದಾಗ ಅಲ್ಲಿಗೇ ಮತ್ತೊಮ್ಮೆ ಹೋಗಿ, ಕಾಯಿಯ ತೊಟ್ಟು ಎತ್ತ ಬಾಗಿದೆ ನೋಡಿ ಬನ್ನಿ.