ಜಾತ್ರೆ, ಸಮ್ಮೇಳನದಲ್ಲಿ ಸ್ವಂತ ಪುಸ್ತಕದ ಟೇಬಲ್: ಸಂಜೆಗೆ ಕೈಯಲ್ಲಿ ಉಳಿಯೋದೆಷ್ಟು?

ಹಾವೇರಿ: ಜಿಲ್ಲೆಯಲ್ಲಿ ಪುಸ್ತಕ ಬರೆಯುವವರಿಗೆ ಈಗ ಕೊರತೆ ಇಲ್ಲ. ನಿವೃತ್ತ ಮಾಸ್ತರರು, ಹೈಸ್ಕೂಲ್ ಟೀಚರ್, ಬ್ಯಾಂಕಿನವರು, ಓದಿದ ರೈತ ಹುಡುಗರು, ಹೀಗೆ ಸ್ವಂತ ದುಡ್ಡು ಹಾಕಿ 500 ಪ್ರತಿ ಅಚ್ಚು ಹಾಕಿಸುವವರು ಬಹಳ ಜನ. ಬಿಡುಗಡೆ ದಿನ ಒಂದಷ್ಟು ಪ್ರತಿ ಹೋಗ್ತಾವೆ, ಅದರಲ್ಲೂ ಅರ್ಧ ಗೌರವ ಪ್ರತಿ. ಉಳಿದ ಬಂಡಲ್ ಅಟ್ಟ ಸೇರ್ತಾವೆ. ಅಟ್ಟದಲ್ಲಿ ಇಲಿ, ಗೆದ್ದಲು ಕಾಯ್ತಾ ಇರ್ತಾವೆ.

ಅಂಥ ಬಂಡಲ್ ಇಳಿಸಿಕೊಂಡು ಜಾತ್ರೆಗೋ ಸಾಹಿತ್ಯ ಸಮ್ಮೇಳನಕ್ಕೋ ಹೋಗಿ ಟೇಬಲ್ ಹಾಕುವವರು ಇದ್ದಾರೆ. ಜೊತೆಗೆ ಬಟ್ಟೆ ಚೀಲ, ಬುಕ್‌ಮಾರ್ಕ್, ಕೀ ಚೈನ್ ಇಡುವುದೂ ಶುರುವಾಗಿದೆ. ಇದು ಲಾಭದ ವ್ಯಾಪಾರವೋ ಹವ್ಯಾಸವೋ ಅನ್ನೋದು ಟೇಬಲ್ ಹಾಕುವ ಮುಂಚೆ ಮಾಡುವ ಲೆಕ್ಕದ ಮೇಲೆ ನಿಂತಿದೆ.

ಲೇಖಕ ತಾನೇ ಪುಸ್ತಕ ಮಾರುವುದು ಈ ಜಿಲ್ಲೆಗೆ ಹೊಸದೇನಲ್ಲ. ಇಲ್ಲಿಯ ಗಳಗನಾಥ ಊರಿನಲ್ಲಿ 1869ರಲ್ಲಿ ಹುಟ್ಟಿ, ಊರಿನ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡ ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿ ಅವರು ತಮ್ಮ ಪುಸ್ತಕದ ಗಂಟನ್ನು ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ಈಗ ತಲೆ ಮೇಲೆ ಹೊರುವ ಪ್ರಮೇಯ ಇಲ್ಲ, ಆದರೆ ಟೆಂಪೋ ಬಾಡಿಗೆ ಇದೆ, ಮಳಿಗೆ ಬಾಡಿಗೆ ಇದೆ.

ಮೊದಲು ಖರ್ಚಿನ ಲೆಕ್ಕ

ತಿಳಿಯಲು ಅನುಕೂಲ ಆಗಲಿ ಅಂತ ಒಂದು ಉದಾಹರಣೆ. 500 ಪ್ರತಿಗೆ ಡಿಟಿಪಿ, ಮುಖಪುಟ, ಕಾಗದ, ಬೈಂಡಿಂಗ್ ಎಲ್ಲಾ ಸೇರಿ ₹45,000 ಬಿತ್ತು ಅಂದ್ಕೊಳ್ಳಿ. ಒಂದು ಪ್ರತಿಗೆ ₹90. ಮುಖಬೆಲೆ ₹200. ಮೇಳದಲ್ಲಿ ಶೇ 20 ರಿಯಾಯಿತಿ ಕೊಟ್ಟರೆ ಕೈಗೆ ಬರೋದು ₹160, ಅದರಲ್ಲಿ ಲಾಭ ₹70.

ಮೂರು ದಿನದ ಮಳಿಗೆಗೆ ₹3,000, ಗಾಡಿಗೆ ₹1,000, ಇಬ್ಬರ ಊಟ-ವಸತಿಗೆ ₹2,500 ಹಿಡಿದರೆ ಒಟ್ಟು ₹6,500. ಈ ಖರ್ಚು ಗಿಟ್ಟಬೇಕಾದರೆ 93 ಪ್ರತಿ ಮಾರಬೇಕು. ಒಂದೇ ಶೀರ್ಷಿಕೆ ಇಟ್ಕೊಂಡು ಮೂರು ದಿನದಲ್ಲಿ 93 ಪ್ರತಿ ಮಾರುವುದು ಹೆಸರಾದ ಲೇಖಕರಿಗೂ ಸುಲಭವಲ್ಲ.

ಅದೇ ಮಳಿಗೆಯನ್ನು ಮೂವರು ಲೇಖಕರು ಹಂಚಿಕೊಂಡರೆ? ಬಾಡಿಗೆ, ಗಾಡಿ ಮೂರು ಪಾಲಾಗುತ್ತದೆ. ಸಹಾಯಕ್ಕೆ ಇನ್ನೊಬ್ಬರನ್ನ ಕರ್ಕೊಂಡು ಹೋಗೋದು ತಪ್ಪುತ್ತದೆ, ಒಬ್ಬರು ಊಟಕ್ಕೆ ಹೋದಾಗ ಮತ್ತೊಬ್ಬರು ಕೂರಬಹುದು. ತಲಾ ಖರ್ಚು ₹2,600ರ ಒಳಗೆ ಬರುತ್ತದೆ. ಆಗ 37 ಪ್ರತಿ ಮಾರಿದರೆ ಸಾಕು. ಇದು ಆಗುವ ಮಾತು. ಟೇಬಲ್ ಮೇಲೆ ಐದಾರು ಶೀರ್ಷಿಕೆ ಇದ್ದಾಗ ನಿಂತು ನೋಡುವವರೂ ಹೆಚ್ಚು.

ಚೀಲ ಇಟ್ಟರೆ ಪುಸ್ತಕ ಹೋಗುತ್ತಾ?

ಸಣ್ಣ ಸಾಮಾನಿನ ವಿಷಯದಲ್ಲೇ ಹೆಚ್ಚಿನವರು ಎಡವುವುದು. ಟೀ ಶರ್ಟ್ ನೋಡಲು ಚೆಂದ, ಆದರೆ ನಾಲ್ಕೈದು ಸೈಜ್ ಇಡಬೇಕು. ಕೇಳಿದ ಸೈಜ್ ಖಾಲಿ, ಕೇಳದ ಸೈಜ್ ಮನೆಗೆ ವಾಪಸ್. ಮಗ್ ಒಡೆಯುತ್ತದೆ, ಪ್ಯಾಕಿಂಗ್ ಜಾಗ ತಿನ್ನುತ್ತದೆ. ಹಾಗಾಗಿ ಹೊಸಬರು ಇವೆರಡನ್ನೂ ಮುಟ್ಟದಿರುವುದೇ ವಾಸಿ.

ಬಟ್ಟೆ ಚೀಲದ ಮಾತು ಬೇರೆ. ಪ್ಲಾಸ್ಟಿಕ್ ಕೈಚೀಲಕ್ಕೆ ರಾಜ್ಯದಲ್ಲಿ 2016ರಿಂದಲೇ ನಿಷೇಧ ಇದೆ. ಪುಸ್ತಕ ಕೊಂಡವರಿಗೆ ಹಾಕಿಕೊಡಲು ಏನಾದರೂ ಬೇಕೇ ಬೇಕು. ಊರಿನ ಟೇಲರ್ ಕಡೆ ಹೊಲಿಸಿ, ಸ್ಕ್ರೀನ್ ಪ್ರಿಂಟ್ ಮಾಡಿಸಿದ ಚೀಲಕ್ಕೆ ₹60 ಬಿತ್ತು, ₹100ಕ್ಕೆ ಮಾರಿದರು ಅಂತಿಟ್ಟುಕೊಳ್ಳೋಣ. ಪುಸ್ತಕ ಮತ್ತು ಚೀಲ ಸೇರಿಸಿ ₹250 ಅಂತ ಬೋರ್ಡ್ ಹಾಕಿದರೆ ಗಿರಾಕಿಗೆ ₹50 ಉಳಿತಾಯ, ಲೇಖಕರಿಗೆ ₹100 ಲಾಭ. ಬರೀ ಪುಸ್ತಕ ರಿಯಾಯಿತಿಯಲ್ಲಿ ಕೊಟ್ಟಿದ್ದರೆ ಸಿಗುತ್ತಿದ್ದದ್ದು ₹70. "ಎಷ್ಟಕ್ಕ ಕೊಡ್ತೀರಿ, ಕಡಿಮಿ ಮಾಡ್ರಿ" ಅನ್ನುವವರಿಗೂ ಇದು ಒಪ್ಪುವ ಉತ್ತರ.

ಹಾಗಂತ ಮೊದಲ ಸಲವೇ 100 ಚೀಲ ಹೊಲಿಸಿದರೆ ₹6,000 ಕಟ್ಟಿಹಾಕಿದಂತೆ. ಮೂವತ್ತು ಸಾಕು. ಇನ್ನು ಬುಕ್‌ಮಾರ್ಕ್‌ಗೆ ಬೇರೆ ಖರ್ಚು ಮಾಡುವುದೇ ಬೇಡ. ಮುಖಪುಟ ಅಚ್ಚಾಗುವ ಹಾಳೆಯ ಅಂಚಿನಲ್ಲಿ ಸಾಮಾನ್ಯವಾಗಿ ಜಾಗ ಉಳಿಯುತ್ತದೆ, ಪ್ರೆಸ್‌ನವರಿಗೆ ಮುಂಚೆಯೇ ಹೇಳಿದರೆ ಅದರಲ್ಲೇ ಹೊಂದಿಸಿಕೊಡ್ತಾರೆ. ಅದನ್ನು ಮಾರುವುದಕ್ಕಿಂತ ಸಹಿ ಮಾಡಿ ಪುಸ್ತಕದೊಳಗೆ ಇಟ್ಟು ಕೊಡುವುದು ಮೇಲು.

ಇನ್ನೊಂದು ಎಚ್ಚರಿಕೆ. ಸಮ್ಮೇಳನಗಳಲ್ಲಿ ಪುಸ್ತಕ ಮಳಿಗೆ, ವಾಣಿಜ್ಯ ಮಳಿಗೆ ಬೇರೆ ಬೇರೆ ಇರ್ತಾವೆ. 2023ರ ಜನವರಿಯಲ್ಲಿ ಹಾವೇರಿಯಲ್ಲೇ ನಡೆದ 86ನೇ ಅಖಿಲ ಭಾರತ ಸಮ್ಮೇಳನಕ್ಕೆ ಹೋದವರಿಗೆ ಇದು ನೆನಪಿರುತ್ತದೆ. ಪುಸ್ತಕದ ಹೆಸರಲ್ಲಿ ಪಡೆದ ಮಳಿಗೆಯಲ್ಲಿ ಬೇರೆ ಸಾಮಾನು ಇಡಬಹುದಾ ಅಂತ ಅರ್ಜಿ ಹಾಕುವಾಗಲೇ ಕೇಳಿ, ಆಗುವುದಾದರೆ ಬರಹದಲ್ಲಿ ಪಡೆಯಬೇಕು. ಆಮೇಲೆ ಸಂಘಟಕರ ಜೊತೆ ಜಗಳ ಬೇಡ. ಟೇಬಲ್ ತುಂಬಾ ಕೀ ಚೈನ್ ಹರಡಿದರೆ ಜನ ಫ್ಯಾನ್ಸಿ ಸ್ಟೋರ್ ಅಂತಲೇ ತಿಳೀತಾರೆ, ಪುಸ್ತಕ ಮುಟ್ಟಲ್ಲ.

ಯಾರ ಸಾಲು ಅಚ್ಚು ಹಾಕಬಹುದು?

ಚೀಲದ ಮೇಲೆ ಕುವೆಂಪು ಸಾಲು, ಬುಕ್‌ಮಾರ್ಕ್ ಮೇಲೆ ಕಗ್ಗದ ಪದ್ಯ ಹಾಕಿ ಮಾರುವುದು ಎಲ್ಲೆಡೆ ಕಾಣುತ್ತದೆ. ಆದರೆ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಡಿವಿಜಿ ತೀರಿಕೊಂಡಿದ್ದು 1975ರಲ್ಲಿ, ಹಕ್ಕು 2035ರ ಕೊನೆವರೆಗೆ. ಬೇಂದ್ರೆಯವರದು 2041, ಕುವೆಂಪು ಅವರದು 2054ರ ಕೊನೆವರೆಗೆ. ಹಕ್ಕುದಾರರ ಒಪ್ಪಿಗೆ ಇಲ್ಲದೆ ಮಾರಾಟದ ಸಾಮಾನಿನ ಮೇಲೆ ಹಾಕುವಂತಿಲ್ಲ.

ಹಾವೇರಿ ಜಿಲ್ಲೆಯವರು ಅಷ್ಟು ದೂರ ಹುಡುಕುವ ಅಗತ್ಯವೂ ಇಲ್ಲ. ಶಿಶುನಾಳದ ಶರೀಫರು, ಬಾಡದ ಕನಕದಾಸರು, ಚೌಡದಾನಪುರದ ಅಂಬಿಗರ ಚೌಡಯ್ಯ, ಹಿರೇಕೆರೂರು ಸೀಮೆಯ ಸರ್ವಜ್ಞ, ಇವರ ಸಾಲುಗಳಿಗೆ ಯಾರ ಹಕ್ಕೂ ಇಲ್ಲ. 1942ರಲ್ಲಿ ತೀರಿಕೊಂಡ ಗಳಗನಾಥರ ಕೃತಿಗಳೂ ಈಗ ಮುಕ್ತ. ಆದರೆ ಇಂಟರ್‌ನೆಟ್‌ನಲ್ಲಿ ಸಿಕ್ಕ ಶರೀಫರ ಚಿತ್ರವನ್ನು ಇಳಿಸಿಕೊಂಡು ಅಚ್ಚು ಹಾಕುವಂತಿಲ್ಲ. ಚಿತ್ರ ಬರೆದವರ ಹಕ್ಕು ಬೇರೆ. ಊರಿನ ಡ್ರಾಯಿಂಗ್ ಮಾಸ್ತರರಿಗೆ ನಾಲ್ಕು ಕಾಸು ಕೊಟ್ಟು ಬರೆಸುವುದು ಸರಿಯಾದ ದಾರಿ.

ತೆರಿಗೆ, ಫೋನ್ ಪೇ ಭಯ

2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ ಮೇಲೆ ಕ್ಯೂಆರ್ ಕೋಡ್ ಅಂದರೆ ಕೆಲವರಿಗೆ ಇನ್ನೂ ಅಂಜಿಕೆ ಇದೆ. ಪುಸ್ತಕ ಮಾರುವ ಲೇಖಕರು ಇದಕ್ಕೆ ಹೆದರಬೇಕಿಲ್ಲ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಚೀಲದಂಥ ಸಾಮಾನಿಗೆ ತೆರಿಗೆ ಇದೆ, ಆದರೆ ರಾಜ್ಯದೊಳಗೆ ಸರಕು ಮಾರುವವರು ನೋಂದಣಿ ಮಾಡಿಸಬೇಕಾದ ಮಿತಿ ವರ್ಷಕ್ಕೆ ₹40 ಲಕ್ಷದ ವಹಿವಾಟು. ಟೇಬಲ್ ವ್ಯಾಪಾರ ಅದರ ಹತ್ತಿರಕ್ಕೂ ಹೋಗಲ್ಲ. ನೋಂದಣಿ ಇಲ್ಲದವರು ಗಿರಾಕಿಯಿಂದ ಜಿಎಸ್‌ಟಿ ಅಂತ ಬೇರೆ ಹಣ ಕೇಳುವಂತಿಲ್ಲ, ಅಷ್ಟೆ.

ಸೊಲ್ಲಾಪುರ, ಗೋವಾ ಕಡೆಯ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋಗುವವರು ಪುಸ್ತಕ ಧೈರ್ಯವಾಗಿ ಒಯ್ಯಬಹುದು. ಚೀಲ, ಮಗ್ ಒಯ್ಯುವುದಾದರೆ ತೆರಿಗೆ ಸಲಹೆಗಾರರನ್ನ ಒಮ್ಮೆ ಕೇಳಬೇಕು. ಬೇರೆ ರಾಜ್ಯದಲ್ಲಿ ಮಾರುವಾಗ ನಿಯಮ ಬೇರೆ.

ಪುಸ್ತಕದ ಹಣಕ್ಕೇ ಒಂದು ಪ್ರತ್ಯೇಕ ಬ್ಯಾಂಕ್ ಖಾತೆ ಇದ್ದರೆ ಲೆಕ್ಕ ಸಲೀಸು. ಜಾತ್ರೆ ಗದ್ದಲದಲ್ಲಿ ನೆಟ್‌ವರ್ಕ್ ಕೈಕೊಡುವುದು ಮಾಮೂಲು, ಹಾಗಾಗಿ ಐವತ್ತು, ನೂರರ ಚಿಲ್ಲರೆ ಇಟ್ಟುಕೊಂಡೇ ಹೋಗಬೇಕು.

ಯಾವ ಪುಸ್ತಕ ಎಲ್ಲಿ

ಕವನ ಸಂಕಲನ ಜಾತ್ರೆಯಲ್ಲಿ ಹೋಗಲ್ಲ. ಬೇಸರದ ಮಾತು, ಆದರೆ ನಿಜ. ದೇವರಗುಡ್ಡದ ಕಾರಣಿಕಕ್ಕೆ ಬಂದವರು ಮಕ್ಕಳ ಕೈ ಹಿಡಿದು, ತಲೆ ಮೇಲೆ ಗಂಟು ಇಟ್ಟುಕೊಂಡು ನಡೆಯುತ್ತಿರುತ್ತಾರೆ. ಅಲ್ಲಿ ಮಕ್ಕಳ ಕಥೆ, ಕ್ಷೇತ್ರದ ಇತಿಹಾಸ, ಭಜನೆ ಪದ, ಐವತ್ತು ನೂರು ರೂಪಾಯಿಯ ತೆಳು ಪುಸ್ತಕ ಕೈಯಿಂದ ಕೈಗೆ ಹೋಗ್ತಾವೆ. ಕವಿತೆ, ವಿಮರ್ಶೆಗೆ ತಾಲ್ಲೂಕು, ಜಿಲ್ಲಾ ಸಮ್ಮೇಳನವೇ ಜಾಗ. ಅಲ್ಲೂ ಗೋಷ್ಠಿ ನಡೆಯುವಾಗಲ್ಲ, ಊಟದ ಸಾಲಿನ ಹೊತ್ತಿಗೆ ವ್ಯಾಪಾರ. ಆ ಹೊತ್ತಲ್ಲಿ ಲೇಖಕರೇ ಟೇಬಲ್ ಬಿಟ್ಟು ಊಟಕ್ಕೆ ಹೋದರೆ ಮುಗೀತು.

ಮಳೆ ಬಂದರೆ ಹೊದಿಸಲು ತಾಡಪಾಲು, ಪುಸ್ತಕ ನೆಲಕ್ಕೆ ತಾಗದಂತೆ ಎರಡು ಹಲಗೆ. ಇದನ್ನ ಮರೆತವರು ಒಂದೇ ರಾತ್ರಿಯಲ್ಲಿ ಒಂದು ಬಂಡಲ್ ಕಳಕೊಳ್ಳಬಹುದು.

ಅಂಗಡಿಯವರಿಗೂ ಇದರಲ್ಲಿ ಪಾಲಿದೆ

ಮೇಳ ಮುಗಿದ ಮೇಲೆ ಉಳಿದ ಪ್ರತಿಗಳನ್ನು ಊರಿನ ಬುಕ್ ಸ್ಟಾಲ್, ಸ್ಟೇಷನರಿ ಅಂಗಡಿಯಲ್ಲಿ ಇಡಬಹುದು. ಅಂಗಡಿಯವರು ಸಾಮಾನ್ಯವಾಗಿ ಶೇ 30ರಿಂದ 40 ಕಮಿಷನ್ ಕೇಳ್ತಾರೆ. ₹200ರ ಪುಸ್ತಕಕ್ಕೆ ಶೇ 40 ಬಿಟ್ಟರೂ ₹120 ಬರುತ್ತದೆ, ₹30 ಲಾಭ. ಅಲ್ಲಿ ಮಳಿಗೆ ಬಾಡಿಗೆ, ಗಾಡಿ ಖರ್ಚು ಇಲ್ಲ ಅನ್ನೋದನ್ನ ಮರೀಬಾರದು. ಎಷ್ಟು ಪ್ರತಿ ಕೊಟ್ಟಿದ್ದು, ಯಾವ ತಾರೀಖಿಗೆ ಲೆಕ್ಕ, ಮಾರದೆ ಉಳಿದಿದ್ದು ವಾಪಸ್ಸಾ ಅನ್ನೋದನ್ನ ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ಸ್ನೇಹವೂ ಉಳಿಯುತ್ತದೆ, ದುಡ್ಡೂ ಬರುತ್ತದೆ. ಅಂಗಡಿಯವರಿಗೆ ಬಂಡವಾಳ ಹಾಕದೆ ಸಿಗುವ ಸರಕು ಇದು. ಶಾಲೆ ಬಹುಮಾನಕ್ಕೆ, ಸನ್ಮಾನಕ್ಕೆ ಪುಸ್ತಕ ಕೇಳಿಕೊಂಡು ಬರುವವರಿಗೆ ತೋರಿಸಲು ಊರಿನವರದ್ದೇ ಒಂದು ಪುಸ್ತಕ ಇದ್ದಂತಾಯ್ತು.

ಐಎಸ್‌ಬಿಎನ್ ಸಂಖ್ಯೆ ಇದ್ದರೆ ಅಂಗಡಿ, ಗ್ರಂಥಾಲಯ ಎರಡಕ್ಕೂ ಅನುಕೂಲ. ದಿಲ್ಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಇದನ್ನು ಉಚಿತವಾಗಿ ಕೊಡುತ್ತದೆ, ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಇದಕ್ಕೆ ಸಾವಿರಾರು ರೂಪಾಯಿ ಕೇಳುವ ಮಧ್ಯವರ್ತಿಗಳ ಮಾತಿಗೆ ಬೀಳಬೇಡಿ.

ಮೇಳದಲ್ಲಿ ಪುಸ್ತಕ ನೋಡಿ ಹೋದವರು ವಾರದ ಮೇಲೆ ಫೋನ್ ಮಾಡಿ "ಇನ್ನೊಂದು ಪ್ರತಿ ಕಳಿಸ್ರಿ" ಅನ್ನುವುದುಂಟು. ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತುಹೋಯ್ತು. ಅದರ ಬದಲಿಗೆ 2025ರ ಮೇ 1ರಿಂದ ಅಂಚೆ ಇಲಾಖೆ 'ಜ್ಞಾನ ಪೋಸ್ಟ್' ಶುರು ಮಾಡಿದೆ. 300 ಗ್ರಾಂವರೆಗೆ ₹20, 5 ಕೆಜಿವರೆಗೆ ಹೆಚ್ಚೆಂದರೆ ₹100, ತೆರಿಗೆ ಪ್ರತ್ಯೇಕ. ಪಾರ್ಸೆಲ್ ಎಲ್ಲಿದೆ ಅಂತ ಮೊಬೈಲ್‌ನಲ್ಲೇ ನೋಡಬಹುದು. ಪುಸ್ತಕದ ಮೇಲೆ ಪ್ರಕಾಶಕರ ಅಥವಾ ಮುದ್ರಕರ ಹೆಸರು ಇರಬೇಕು, ಜಾಹೀರಾತಿನ ಸಾಮಗ್ರಿ ಇರಬಾರದು. ಈ ದರ ಪುಸ್ತಕಕ್ಕೆ ಮಾತ್ರ. ಚೀಲ ಬೇಕು ಅಂದವರಿಗೆ ಬೇರೆ ಪಾರ್ಸೆಲ್ ಮಾಡಬೇಕು, ಅದರ ಖರ್ಚನ್ನ ಫೋನ್‌ನಲ್ಲೇ ಹೇಳಿಬಿಡುವುದು ಒಳ್ಳೇದು.